ಎಕ್ಸ್-ರೇ ಕೊಠಡಿಯ ಗೋಡೆ: ಸೀಸ, ಇಟ್ಟಿಗೆ, ಕಾಂಕ್ರೀಟು ಮತ್ತು ಲೆಕ್ಕಪತ್ರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಒಂದು ಕಾಲಕ್ಕೆ ಎಕ್ಸ್-ರೇ ಎಂದರೆ ತಾಲ್ಲೂಕು ಸರ್ಕಾರಿ ಆಸ್ಪತ್ರೆ, ಇಲ್ಲವಾದರೆ ಮಂಡ್ಯ ಅಥವಾ ಮೈಸೂರು. 1980ರ ದಶಕದಲ್ಲಿ ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದ ಮೇಲೆ ಈ ಭಾಗದ ಜನರಿಗೆ ದೊಡ್ಡ ಆಸ್ಪತ್ರೆಯ ಸೌಲಭ್ಯ ಸಮೀಪವಾಯಿತು. ಇಂದು ತಾಲ್ಲೂಕು ಕೇಂದ್ರಗಳ ಮುಖ್ಯ ರಸ್ತೆಗಳಲ್ಲಿಯೇ ಖಾಸಗಿ ನರ್ಸಿಂಗ್ ಹೋಂ, ರೋಗಪರೀಕ್ಷಾ ಕೇಂದ್ರ ಮತ್ತು ದಂತ ಚಿಕಿತ್ಸಾಲಯಗಳು ಕಾಣಸಿಗುತ್ತವೆ. ಇವುಗಳಲ್ಲಿ ಹಣ ಹೂಡುವವರು, ಮಳಿಗೆ ಬಾಡಿಗೆಗೆ ಕೊಡುವವರು, ಇಟ್ಟಿಗೆ, ಸಿಮೆಂಟು, ಪ್ಲೈವುಡ್ ಸರಬರಾಜು ಮಾಡುವವರು ಬಹುಪಾಲು ಸ್ಥಳೀಯ ವರ್ತಕರೇ ಆಗಿರುತ್ತಾರೆ.

ಇಂತಹ ಯೋಜನೆಗಳಲ್ಲಿ ಯಂತ್ರದ ಕೊಟೇಷನ್ನಿಗೆ ದೊರೆಯುವ ಗಮನ ಅದನ್ನು ಇರಿಸುವ ಕೊಠಡಿಯ ಗೋಡೆಗೆ ದೊರೆಯುವುದಿಲ್ಲ. ಗೋಡೆ ಸರಿಯಿಲ್ಲದಿದ್ದರೆ ಪರವಾನಗಿ ದೊರೆಯದು. ಪರವಾನಗಿ ಇಲ್ಲದೆ ಯಂತ್ರ ನಡೆಸುವಂತಿಲ್ಲ. ಯಂತ್ರ ನಡೆಯದಿದ್ದರೂ ಬ್ಯಾಂಕಿನ ಕಂತು ನಿಲ್ಲದು. ಇದಕ್ಕಿಂತ ಮುಖ್ಯವಾಗಿ, ಆ ಗೋಡೆಯ ಆಚೆ ಬದಿಯಲ್ಲಿ ದಿನವಿಡೀ ಕುಳಿತು ಕೆಲಸ ಮಾಡುವ ಹೊಲಿಗೆಯವರಿಗೋ ಕಿರಾಣಿ ಅಂಗಡಿಯವರಿಗೋ ತಮ್ಮ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬ ಅರಿವೂ ಇರುವುದಿಲ್ಲ. ಆದ್ದರಿಂದ ವಿಕಿರಣ ತಡೆಯುವ ಗೋಡೆಯ ಸಾಮಗ್ರಿ, ಅಳವಡಿಕೆ, ನಿಯಮ ಮತ್ತು ತೆರಿಗೆ ಈ ನಾಲ್ಕನ್ನೂ ಒಟ್ಟಾಗಿ ತಿಳಿಯುವುದು ಅವಶ್ಯಕ.

ವಿಕಿರಣ ಮತ್ತು ಗೋಡೆ

1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್-ಕಿರಣಗಳು ಮೃದು ಅಂಗಾಂಶವನ್ನು ಹಾದು ಹೋಗುತ್ತವೆ, ಮೂಳೆಯಲ್ಲಿ ಹೆಚ್ಚು ಹೀರಲ್ಪಡುತ್ತವೆ. ರೋಗಿಯ ಕಡೆಗೆ ನೇರವಾಗಿ ಹಾಯುವ ಕಿರಣವನ್ನು ಪ್ರಾಥಮಿಕ ಕಿರಣವೆಂದೂ, ರೋಗಿಯ ದೇಹಕ್ಕೆ ತಾಗಿ ಎಲ್ಲ ದಿಕ್ಕಿಗೂ ಚದುರುವುದನ್ನು ಚದುರಿದ ಕಿರಣವೆಂದೂ ಕರೆಯುತ್ತಾರೆ. ಪ್ರಾಥಮಿಕ ಕಿರಣ ಬೀಳುವ ಗೋಡೆಗೆ ಹೆಚ್ಚು ದಪ್ಪ ಬೇಕು. ಉಳಿದ ಗೋಡೆಗಳಿಗೆ ಅದಕ್ಕಿಂತ ಕಡಿಮೆ ಸಾಕು.

ಯಾವ ವಸ್ತುವೂ ಕಿರಣವನ್ನು ಒಮ್ಮೆಗೇ ಪೂರ್ಣವಾಗಿ ನಿಲ್ಲಿಸುವುದಿಲ್ಲ. ಪ್ರತಿಯೊಂದು ಪದರವೂ ಒಂದು ಪ್ರಮಾಣವನ್ನು ಕಡಿತ ಮಾಡುತ್ತದೆ. ಕಿರಣವನ್ನು ಅರ್ಧಕ್ಕೆ ಇಳಿಸುವ ದಪ್ಪಕ್ಕೆ ಅರ್ಧಮೌಲ್ಯ ಪದರವೆಂದು ಹೆಸರು. 100 ಕಿಲೋವೋಲ್ಟ್ ಎಕ್ಸ್-ಕಿರಣಕ್ಕೆ ಸೀಸದಲ್ಲಿ ಇದು ಸುಮಾರು 0.27 ಮಿ.ಮೀ. ಮಾತ್ರ. ಹೀಗಾಗಿ 2 ಮಿ.ಮೀ. ಸೀಸದ ತಗಡಿನ ಆಚೆಗೆ ದಾಟುವುದು ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಚಕ್ರಬಡ್ಡಿಯ ಲೆಕ್ಕವನ್ನು ತಿರುಗುಮುರುಗಾಗಿಸಿದಂತೆ ಇದರ ಲೆಕ್ಕ: ಒಂದೊಂದು ಪದರಕ್ಕೂ ಉಳಿದದ್ದರ ಅರ್ಧ ಕಳೆಯುತ್ತಾ ಹೋಗಬೇಕು.

ಇಲ್ಲಿಯೇ ಒಂದು ಸಂದೇಹ ನಿವಾರಣೆ ಆವಶ್ಯಕ. ಅಲ್ಟ್ರಾಸೌಂಡ್ ಯಂತ್ರ ಶಬ್ದ ತರಂಗದಿಂದ ನಡೆಯುವುದರಿಂದ ಅದಕ್ಕೆ ಯಾವ ವಿಕಿರಣ ತಡೆಯೂ ಬೇಡ. ಎಂಆರ್‌ಐ ಕೊಠಡಿಗೆ ತಾಮ್ರದ ಹೊದಿಕೆ ಮಾಡುತ್ತಾರೆ. ಅದು ಹೊರಗಿನ ರೇಡಿಯೋ ಅಲೆಗಳು ಒಳಬಾರದಂತೆ ಮಾಡುವ ವ್ಯವಸ್ಥೆ, ಸೀಸದ ಹೊದಿಕೆಗೂ ಅದಕ್ಕೂ ಸಂಬಂಧವಿಲ್ಲ. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಮ್ಯಾಮೊಗ್ರಫಿ, ಕ್ಯಾಥ್‌ಲ್ಯಾಬ್ ಹಾಗೂ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರಗಳಿಗೆ ಮಾತ್ರ ಈ ಲೇಖನದ ವಿಚಾರ ಅನ್ವಯಿಸುತ್ತದೆ.

ನಿಯಂತ್ರಣ ಮಂಡಳಿ ಮತ್ತು ಮಿತಿಗಳು

ಭಾರತದಲ್ಲಿ ಈ ವಿಷಯದ ನಿಯಂತ್ರಣ ಮುಂಬೈನಲ್ಲಿರುವ ಅಣುಶಕ್ತಿ ನಿಯಂತ್ರಣ ಮಂಡಳಿಯದು. 1962ರ ಅಣುಶಕ್ತಿ ಕಾಯ್ದೆಯಡಿ 1983ರ ನವೆಂಬರ್ 15ರಂದು ಈ ಮಂಡಳಿ ರಚನೆಯಾಯಿತು. 2004ರಲ್ಲಿ ವಿಕಿರಣ ಸಂರಕ್ಷಣಾ ನಿಯಮಗಳು ಪ್ರಕಟವಾದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು 1962ರ ಕಾಯ್ದೆಯ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿದ್ದು, ಅದರಲ್ಲಿ ಮಂಡಳಿಗೆ ಶಾಸನಬದ್ಧ ಸ್ಥಾನ ನೀಡಲಾಗಿದೆ.

ಮಂಡಳಿ ನಿಗದಿಪಡಿಸಿರುವ ಮಿತಿ ಹೀಗಿದೆ. ವಿಕಿರಣ ಕ್ಷೇತ್ರದ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಾತ್ರ. ಪಕ್ಕದ ಅಂಗಡಿಯವರು, ಹೊರಗೆ ಬೆಂಚಿನ ಮೇಲೆ ಕಾಯುವವರು, ಮೇಲಿನ ಮಹಡಿಯ ಬಾಡಿಗೆದಾರರು ಎಲ್ಲರೂ ಈ ಎರಡನೆಯ ಮಿತಿಗೆ ಸೇರುತ್ತಾರೆ. ಗೋಡೆಯ ದಪ್ಪವನ್ನು ನಿರ್ಣಯಿಸುವುದು ಈ ಮಿತಿಗಳೇ. ಯಂತ್ರದ ವೋಲ್ಟೇಜು, ವಾರಕ್ಕೆ ತೆಗೆಯುವ ಚಿತ್ರಗಳ ಸಂಖ್ಯೆ, ಯಂತ್ರದಿಂದ ಗೋಡೆಗಿರುವ ದೂರ ಹಾಗೂ ಆಚೆ ಬದಿಯಲ್ಲಿ ಜನರು ಎಷ್ಟು ಹೊತ್ತು ಇರುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಪರವಾನಗಿಯ ಅರ್ಜಿಗಳೆಲ್ಲ ಮಂಡಳಿಯ ಇ-ಲೋರಾ ಎಂಬ ಗಣಕೀಕೃತ ವ್ಯವಸ್ಥೆಯ ಮೂಲಕವೇ ಸಲ್ಲಿಕೆಯಾಗಬೇಕು. ಸಂಸ್ಥೆಯ ನೋಂದಣಿ, ಮಂಡಳಿಯ ಮಾನ್ಯತೆ ಇರುವ ಮಾದರಿಯ ಯಂತ್ರದ ಖರೀದಿ, ಅಳವಡಿಕೆ, ಗುಣಮಟ್ಟ ಪರೀಕ್ಷೆ ಮತ್ತು ಕಾರ್ಯಾಚರಣೆಯ ಪರವಾನಗಿ ಎಂಬುದು ಕ್ರಮ. ಅರ್ಹ ಸಿಬ್ಬಂದಿ, ಸುರಕ್ಷತಾ ಅಧಿಕಾರಿ ಮತ್ತು ಸಿಬ್ಬಂದಿ ಎದೆಯ ಮೇಲೆ ಧರಿಸುವ ವಿಕಿರಣ ಮಾಪಕ ಬ್ಯಾಡ್ಜು ಕೂಡ ಅಗತ್ಯ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದಲ್ಲಿ ಮಾಡಿಸುವ ನೋಂದಣಿ ಇದರಿಂದ ಬೇರೆಯೇ ಆದುದು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಾಗುವುದಿಲ್ಲ.

ಕೊಠಡಿಯ ಅಳತೆ

ವೈದ್ಯಕೀಯ ಎಕ್ಸ್-ರೇ ಕುರಿತ ಮಂಡಳಿಯ ಸುರಕ್ಷತಾ ಸಂಹಿತೆ 2001ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಪರಿಷ್ಕೃತವಾಗಿದೆ. 2001ರ ಸಂಹಿತೆಯಲ್ಲಿ ಮುದ್ರಿತವಾಗಿ ವಿನ್ಯಾಸಕಾರರಿಗೆ ರೂಢಿಯಾಗಿರುವ ಅಳತೆ ಎಂದರೆ, ಸಾಮಾನ್ಯ ಎಕ್ಸ್-ರೇ ಕೊಠಡಿಗೆ 18 ಚದರ ಮೀಟರ್, ಸಿ.ಟಿ. ಯಂತ್ರದ ಕೊಠಡಿಗೆ 25 ಚದರ ಮೀಟರ್, ಉದ್ದವಾಗಲಿ ಅಗಲವಾಗಲಿ 4 ಮೀಟರಿಗೆ ಕಡಿಮೆ ಇರಬಾರದು, ಒಂದು ಕೊಠಡಿಯಲ್ಲಿ ಒಂದೇ ಯಂತ್ರ ಇರಬೇಕು. ದಂತ ವೈದ್ಯರ ಚಿಕ್ಕ ಯಂತ್ರಕ್ಕೆ ಇಷ್ಟು ದೊಡ್ಡ ಸ್ಥಳ ಬೇಕಿಲ್ಲ. ಆಯಾ ಯಂತ್ರಕ್ಕೆ ಈಗ ಅನ್ವಯಿಸುವ ಅಳತೆಯನ್ನು ಮಂಡಳಿಯ ಪ್ರಕಟಣೆಯಿಂದ ಖಚಿತಪಡಿಸಿಕೊಂಡ ನಂತರವೇ ನಕ್ಷೆ ಬರೆಸಬೇಕು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ತಾಲ್ಲೂಕು ಕೇಂದ್ರದ ವಾಣಿಜ್ಯ ಸಂಕೀರ್ಣದಲ್ಲಿ 10 ಅಡಿ ಅಗಲ, 20 ಅಡಿ ಉದ್ದದ ಒಂದು ಮಳಿಗೆ ಇದೆ ಎಂದಿಟ್ಟುಕೊಳ್ಳೋಣ. ವಿಸ್ತೀರ್ಣ 200 ಚದರ ಅಡಿ, ಅಂದರೆ ಸುಮಾರು 18.6 ಚದರ ಮೀಟರ್. ವಿಸ್ತೀರ್ಣದ ದೃಷ್ಟಿಯಿಂದ ಸಾಕು. ಆದರೆ ಅಗಲ 3.05 ಮೀಟರ್ ಮಾತ್ರ. 4 ಮೀಟರಿನ ಅಳತೆಗೆ ಅದು ಹೊಂದುವುದಿಲ್ಲ. ಮುಂಗಡ ಕೊಟ್ಟು ಕರಾರುಪತ್ರ ಬರೆಸುವ ಮುನ್ನ ಟೇಪು ಹಿಡಿದು ನೋಡಿದರೆ ತಿಳಿಯುವ ಸಂಗತಿ ಇದು. ನಂತರ ತಿಳಿದರೆ ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿದು ನಡುಗೋಡೆ ಒಡೆಯಬೇಕಾಗುತ್ತದೆ.

ಗೋಡೆಯ ವಿಷಯದಲ್ಲಿ ಸಾಮಾನ್ಯ ಎಕ್ಸ್-ರೇ ಕೊಠಡಿಗೆ ಪ್ರಚಲಿತವಿರುವ ಮಾನದಂಡ ಹೀಗಿದೆ: ಪ್ರಾಥಮಿಕ ಕಿರಣ ಬೀಳುವ ಗೋಡೆ 35 ಸೆಂ.ಮೀ. ಇಟ್ಟಿಗೆ ಅಥವಾ ಅದಕ್ಕೆ ಸಮನಾದುದು, ಚದುರಿದ ಕಿರಣ ಬೀಳುವ ಗೋಡೆ 23 ಸೆಂ.ಮೀ. ಇಟ್ಟಿಗೆ ಅಥವಾ ಸಮನಾದುದು, ಸಾರ್ವಜನಿಕರು ಓಡಾಡುವ ಕಡೆಯ ಬಾಗಿಲು ಕಿಟಕಿಗಳಿಗೆ 23 ಸೆಂ.ಮೀ. ಇಟ್ಟಿಗೆ ಅಥವಾ 1.7 ಮಿ.ಮೀ. ಸೀಸಕ್ಕೆ ಸಮನಾದ ತಡೆ. ಗಾಳಿ ಬೆಳಕಿನ ತೆರಪುಗಳು ಹೊರಗಿನ ನೆಲಮಟ್ಟದಿಂದ 2 ಮೀಟರಿಗಿಂತ ಎತ್ತರದಲ್ಲಿರಬೇಕು.

ಸಾಮಗ್ರಿಗಳ ತೂಕ ಮತ್ತು ಹೋಲಿಕೆ

ರೋಗಪತ್ತೆಯ ಎಕ್ಸ್-ರೇಗೆ ಇಟ್ಟಿಗೆ, ಕಲ್ಲು, ಕಾಂಕ್ರೀಟುಗಳನ್ನು ಹೋಲಿಸುವಾಗ ಚದರ ಮೀಟರಿಗೆ ಎಷ್ಟು ತೂಕದ ವಸ್ತು ಕಿರಣದ ದಾರಿಯಲ್ಲಿದೆ ಎಂಬುದು ಒಳ್ಳೆಯ ಮೊದಲ ಅಂದಾಜು. ಘನ ಮೀಟರಿಗೆ 1,600 ಕಿಲೋ ಸಾಂದ್ರತೆಯ ಇಟ್ಟಿಗೆಯ 23 ಸೆಂ.ಮೀ. ಗೋಡೆ ಚದರ ಮೀಟರಿಗೆ 368 ಕಿಲೋ ತೂಗುತ್ತದೆ. ಘನ ಮೀಟರಿಗೆ 2,350 ಕಿಲೋ ತೂಗುವ ಕಾಂಕ್ರೀಟಿನಲ್ಲಿ ಇಷ್ಟೇ ತೂಕ ಸುಮಾರು 15.7 ಸೆಂ.ಮೀ. ದಪ್ಪದಲ್ಲಿ ದೊರೆಯುತ್ತದೆ.

ಈ ಲೆಕ್ಕವನ್ನು ಇತ್ತೀಚೆಗೆ ಜನಪ್ರಿಯವಾಗಿರುವ ಹಗುರ ಎಎಸಿ ಬ್ಲಾಕಿಗೆ ಅನ್ವಯಿಸಿದರೆ ಅಪಾಯ ಎದ್ದು ಕಾಣುತ್ತದೆ. ಇದರ ಸಾಂದ್ರತೆ ಘನ ಮೀಟರಿಗೆ ಸುಮಾರು 600 ಕಿಲೋ. 20 ಸೆಂ.ಮೀ. ದಪ್ಪದ ಗೋಡೆ ಚದರ ಮೀಟರಿಗೆ ತೂಗುವುದು 120 ಕಿಲೋ, ಅಂದರೆ 23 ಸೆಂ.ಮೀ. ಇಟ್ಟಿಗೆ ಗೋಡೆಯ ಮೂರನೆಯ ಒಂದು ಭಾಗ. ನೋಡುವುದಕ್ಕೆ ಎರಡೂ ಗೋಡೆಗಳು ಒಂದೇ ದಪ್ಪವೆನಿಸಿ, ಮೇಲೆ ಗಾರೆ ಬಳಿದು ಬಣ್ಣ ಹೊಡೆದ ನಂತರ ವ್ಯತ್ಯಾಸವೇ ತಿಳಿಯುವುದಿಲ್ಲ. ಟೊಳ್ಳು ಕಾಂಕ್ರೀಟ್ ಬ್ಲಾಕುಗಳದೂ ಇದೇ ಕಥೆ. ಟೊಳ್ಳಿನ ಭಾಗಕ್ಕೆ ಕಾಂಕ್ರೀಟು ತುಂಬದೆ ಹೋದರೆ ಕಿರಣಕ್ಕೆ ಅಲ್ಲಿ ದಾರಿ ಸಲೀಸು. ಜಿಪ್ಸಂ ಬೋರ್ಡಿನ ವಿಭಜಕ ಗೋಡೆಯಂತೂ ಸೀಸದ ಒಳಪದರವಿಲ್ಲದೆ ಈ ಕೆಲಸಕ್ಕೆ ಬಾರದು. ಶ್ರೀರಂಗಪಟ್ಟಣ, ಪಾಂಡವಪುರಗಳ ಹಳೆಯ ಕಟ್ಟಡಗಳ ದಪ್ಪ ಕಲ್ಲುಗೋಡೆಗಳು ತೂಕದ ದೃಷ್ಟಿಯಿಂದ ಅನುಕೂಲವೇ. ಆದರೆ ಅವುಗಳ ಸಂದುಗಳಲ್ಲಿ ಮಣ್ಣು ಉದುರಿರುತ್ತದೆಯಾದ್ದರಿಂದ ಆ ಸಂದುಗಳನ್ನು ತುಂಬಿಸಬೇಕು.

ಸೀಸದ ಅನುಕೂಲ ಅದರ ತೆಳ್ಳನೆಯ ದಪ್ಪ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. 2 ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ ಸುಮಾರು 22.7 ಕಿಲೋ ತೂಗುತ್ತದೆ. 4.5 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಗೆ 13.5 ಚದರ ಮೀಟರ್ ತಗಡು ಬೇಕಾಗಿ, ಸಂದುಗಳ ಹೊದಿಕೆ ಬಿಟ್ಟು 306 ಕಿಲೋ ಸೀಸವಾಗುತ್ತದೆ. ಅದೇ ಗೋಡೆಯನ್ನು 23 ಸೆಂ.ಮೀ. ಇಟ್ಟಿಗೆಯಲ್ಲಿ ಕಟ್ಟಿದರೆ ತೂಕ ಸುಮಾರು 5 ಟನ್. ನೆಲಮಹಡಿಯ ಹೊಸ ಕಟ್ಟಡಕ್ಕೆ ಇಟ್ಟಿಗೆ ಅಥವಾ ಕಾಂಕ್ರೀಟು ಅಗ್ಗ. ಮೊದಲ ಮಹಡಿಯಲ್ಲಿ, ತೊಲೆಯ ಆಧಾರವಿಲ್ಲದ ಚಾವಣಿಯ ಮೇಲೆ ಅಷ್ಟು ಭಾರ ಹೇರುವುದಕ್ಕೆ ಬದಲಾಗಿ ಈಗಿರುವ ಗೋಡೆಗೆ ಸೀಸದ ಹೊದಿಕೆ ಮಾಡುವುದು ಕ್ಷೇಮ. ಎರಡರಲ್ಲಿ ಯಾವುದೆಂದು ಹೇಳಬೇಕಾದವರು ಕಟ್ಟಡ ಎಂಜಿನಿಯರು ಮತ್ತು ವಿಕಿರಣ ಸುರಕ್ಷತಾ ತಜ್ಞರು.

ಸೀಸದ ಬೆಲೆ ಲಂಡನ್ ಲೋಹ ವಿನಿಮಯ ಕೇಂದ್ರದ ದರವನ್ನು ಅನುಸರಿಸಿ ಏರಿಳಿಯುತ್ತದೆ. ಆದ್ದರಿಂದ ಚದರ ಅಡಿಯ ದರದಲ್ಲಿ ಕೊಟೇಷನ್ ಪಡೆಯುವವರು ಅದರ ಜೊತೆಗೆ ದಪ್ಪ ಮತ್ತು ಒಟ್ಟು ಕಿಲೋ ತೂಕವನ್ನೂ ಬರೆಯಿಸಿಕೊಳ್ಳಬೇಕು. 2 ಮಿ.ಮೀ. ಎಂದು ಹೇಳಿ 1.5 ಮಿ.ಮೀ. ತಗಡು ಬಂದರೆ ಮೇಲಿನ ಗೋಡೆಯೊಂದರಲ್ಲೇ 76 ಕಿಲೋ ಕಡಿಮೆಯಾಗುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ತಕ್ಕಡಿಗೆ ಕಾಣುತ್ತದೆ.

ಸೀಸಕ್ಕೆ ಬದಲಾಗಿ ಬಳಸುವ ಇನ್ನೊಂದು ವಸ್ತು ಬೆರೈಟ್ ಖನಿಜ. ಆಂಧ್ರಪ್ರದೇಶದ ಮಂಗಂಪೇಟೆಯಲ್ಲಿ ಇದರ ಬೃಹತ್ ನಿಕ್ಷೇಪವಿದೆ. ಜಲ್ಲಿಯ ಸ್ಥಾನದಲ್ಲಿ ಬೆರೈಟ್ ಬಳಸಿದ ಭಾರ ಕಾಂಕ್ರೀಟಿನ ಸಾಂದ್ರತೆ ಘನ ಮೀಟರಿಗೆ 3,000 ಕಿಲೋ ದಾಟುತ್ತದೆ. ಸ್ಥಳಾಭಾವವಿರುವಲ್ಲಿ ಇದು ಉಪಯುಕ್ತ.

ಅಳವಡಿಕೆಯಲ್ಲಿ ಗಮನಿಸಬೇಕಾದ ಸ್ಥಳಗಳು

ಗೋಡೆಯ ನಡುಭಾಗದಲ್ಲಿ ತೊಂದರೆ ಅಪರೂಪ. ಸೋರಿಕೆ ಕಾಣುವುದು ಸಂದು, ಮೂಲೆ ಮತ್ತು ರಂಧ್ರಗಳಲ್ಲಿ.

ಮೊದಲನೆಯದು ಸಂದು. ಎರಡು ಸೀಸದ ತಗಡುಗಳು ಒಂದಕ್ಕೊಂದು ತಾಗಿದರೆ ಸಾಲದು, ಒಂದರ ಮೇಲೊಂದು ಏರಿ ಕೂರಬೇಕು. ಮೊಳೆ ಅಥವಾ ಸ್ಕ್ರೂ ಹೊಡೆದ ಕಡೆ ಮೇಲೆ ಸೀಸದ ತುಂಡು ಹೊದಿಸಬೇಕು.

ಎರಡನೆಯದು ವಿದ್ಯುತ್ ಪೆಟ್ಟಿಗೆಗಳು. ಸ್ವಿಚ್ ಬೋರ್ಡಿಗಾಗಿ, ಪೈಪಿಗಾಗಿ ಗೋಡೆ ಕೊರೆದ ಕಡೆ ಗೋಡೆಯ ದಪ್ಪ ಅರ್ಧವಾಗಿರುತ್ತದೆ. ಗೋಡೆಯ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಅಲ್ಲಿ ಗೋಡೆಯೇ ಇಲ್ಲವೆನ್ನಬಹುದು. ಅಂತಹ ಪೆಟ್ಟಿಗೆಗಳ ಹಿಂಬದಿಗೆ ಸೀಸದ ತಗಡು ಕೊಡಬೇಕು.

ಮೂರನೆಯದು ಬಾಗಿಲು. 1.2 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿಗೆ 1.7 ಮಿ.ಮೀ. ಸೀಸ ಹಾಕಿದರೆ ಸೀಸದ ತೂಕವೇ ಸುಮಾರು 49 ಕಿಲೋ. ಅದರ ಮೇಲೆ ಪ್ಲೈವುಡ್ ಮತ್ತು ಚೌಕಟ್ಟಿನ ತೂಕ. ಮನೆಯ ಬಾಗಿಲಿಗೆ ಹಾಕುವ ಸಾಮಾನ್ಯ ಕೀಲುಗಳು ಈ ಭಾರಕ್ಕೆ ತಾಳದೆ ಬಾಗಿಲು ಇಳಿಬೀಳುತ್ತದೆ. ಬಾಗಿಲ ಚೌಕಟ್ಟಿಗೂ ಸೀಸ ಸುತ್ತಬೇಕು, ಬಾಗಿಲ ಸೀಸ ಚೌಕಟ್ಟಿನ ಸೀಸದ ಮೇಲೆ ಏರಬೇಕು. ಬಾಗಿಲು ಮುಚ್ಚಿದಾಗ ಅಂಚಿನಲ್ಲಿ ಬೆಳಕಿನ ಗೆರೆ ನೇರವಾಗಿ ಕಾಣುವಂತಿದ್ದರೆ ಅಲ್ಲಿ ಕಿರಣಕ್ಕೂ ದಾರಿಯಿದೆ ಎಂದೇ ಅರ್ಥ.

ನಾಲ್ಕನೆಯದು ಸೀಸದ ಸ್ವಭಾವ. ಸೀಸ ಮೆತ್ತನೆಯ ಲೋಹ. ಆಧಾರವಿಲ್ಲದೆ ನೇತುಹಾಕಿದ ತಗಡು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗಿಳಿದು ಮೇಲ್ಭಾಗದಲ್ಲಿ ಸಂದು ಬಿಡುತ್ತದೆ. ಆದ್ದರಿಂದ ಅದನ್ನು ಪ್ಲೈವುಡ್‌ಗೆ ಪೂರ್ಣ ಅಂಟಿಸಿ ಅಥವಾ ಎರಡು ಹಲಗೆಗಳ ನಡುವೆ ಒತ್ತಿ ನಿಲ್ಲಿಸುವುದು ಪದ್ಧತಿ. ಕತ್ತರಿಸುವಾಗ ಏಳುವ ಧೂಳು ವಿಷಕಾರಿ. ಕೆಲಸಗಾರರು ಮುಖಗವಸು ಮತ್ತು ಕೈಚೀಲ ಧರಿಸಬೇಕು, ಅದೇ ಕೈಯಲ್ಲಿ ಊಟ ಮಾಡಬಾರದು, ಬೀಡಿ ಸೇದಬಾರದು. ಅಳವಡಿಸಿದ ಮೇಲೆ ಸೀಸವನ್ನು ಬರಿದಾಗಿ ಬಿಡದೆ ಹಲಗೆ ಅಥವಾ ಬಣ್ಣದಿಂದ ಮುಚ್ಚಬೇಕು.

ಐದನೆಯದು ಯಂತ್ರದ ದಿಕ್ಕು. ಎದೆಯ ಎಕ್ಸ್-ರೇ ತೆಗೆಯುವ ನಿಲುವನ್ನು ಜನ ಕೂರದ ಹೊರಗೋಡೆಯ ಕಡೆಗೆ ಇರಿಸಿದರೆ ಖರ್ಚು ಕಡಿಮೆಯಾಗುತ್ತದೆ. ಅದನ್ನೇ ರೋಗಿಗಳು ಕಾಯುವ ಜಾಗದ ಕಡೆಗೆ ತಿರುಗಿಸಿದರೆ ಅದೇ ಕೊಠಡಿಗೆ ದಪ್ಪ ಗೋಡೆ ಬೇಕಾಗುತ್ತದೆ. ಗೋಡೆ ಕಟ್ಟುವ ಮುನ್ನ ಕಾಗದದ ಮೇಲೆ ಯಂತ್ರವನ್ನು ತಿರುಗಿಸಿ ನೋಡುವುದಕ್ಕೆ ಯಾವ ವೆಚ್ಚವೂ ಇಲ್ಲ.

ಕ್ಯಾನ್ಸರ್ ಚಿಕಿತ್ಸೆ ಮತ್ತು ಕೈಗಾರಿಕೆ

ಎಕ್ಸ್-ರೇ ಕೊಠಡಿಯ ಅನುಭವವನ್ನು ಗಾಮಾ ಕಿರಣದ ಕೆಲಸಕ್ಕೆ ಹಾಗೆಯೇ ಒಯ್ಯುವಂತಿಲ್ಲ. ಕೋಬಾಲ್ಟ್-60ರ ಕಿರಣವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲು ಸುಮಾರು 4 ಸೆಂ.ಮೀ. ಸೀಸ ಅಥವಾ ಸುಮಾರು 22 ಸೆಂ.ಮೀ. ಕಾಂಕ್ರೀಟು ಬೇಕು. ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಸಬೇಕಾದರೆ ಇದರ ಆರರಷ್ಟು, ಅಂದರೆ ಸುಮಾರು 1.3 ಮೀಟರ್ ಕಾಂಕ್ರೀಟು. ಕ್ಯಾನ್ಸರ್ ಆಸ್ಪತ್ರೆಗಳ ಚಿಕಿತ್ಸಾ ಕೊಠಡಿಯ ಗೋಡೆಗಳು ಕೋಟೆಯ ಗೋಡೆಯಂತೆ ಇರುವುದು ಇದರಿಂದಲೇ. ಇಂತಹ ಗೋಡೆಗಳ ನಕ್ಷೆಗೆ ಕಟ್ಟುವ ಮುನ್ನವೇ ಮಂಡಳಿಯ ಅನುಮೋದನೆ ಪಡೆಯಬೇಕು. ಒಂದು ದಿನದ ಕಾಂಕ್ರೀಟಿಗೂ ಮರುದಿನದ ಕಾಂಕ್ರೀಟಿಗೂ ನಡುವೆ ನೇರ ಬಿರುಕು ಉಳಿಯದಂತೆ ಎರಕ ಹೊಯ್ಯುವುದು ಇಲ್ಲಿ ಗುತ್ತಿಗೆದಾರರ ಮುಖ್ಯ ಜವಾಬ್ದಾರಿ. ಆಹಾರ ಪದಾರ್ಥಗಳಿಗೆ ಗಾಮಾ ಸಂಸ್ಕರಣೆ ನೀಡುವ ಕೋಲಾರ ಜಿಲ್ಲೆಯ ಮಾಲೂರಿನ ಘಟಕದಂತಹ ಸ್ಥಾವರಗಳೂ ಇದೇ ತತ್ತ್ವದ ಮೇಲೆ ನಿಂತಿವೆ.

ಕೈಗಾರಿಕೆಯಲ್ಲಿ ವಿಕಿರಣ ಹೆಚ್ಚಾಗಿ ಬಳಕೆಯಾಗುವುದು ಬೆಸುಗೆಯ ಪರೀಕ್ಷೆಗೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ, ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗಳು ಇರುವ ಈ ಭಾಗದಲ್ಲಿ ಬಾಯ್ಲರಿನ ಕೆಲಸ ಎಲ್ಲರಿಗೂ ಪರಿಚಿತ. ಅಧಿಕ ಒತ್ತಡದ ಬಾಯ್ಲರ್ ಮತ್ತು ಹಬೆ ಕೊಳವೆಗಳ ಬೆಸುಗೆಯನ್ನು ಬಾಯ್ಲರ್ ನಿಯಮಾವಳಿಯಂತೆ ರೇಡಿಯಾಗ್ರಫಿಯಿಂದ ಪರೀಕ್ಷಿಸಬೇಕಾಗುತ್ತದೆ. ಇದಕ್ಕೆ ಬಳಸುವ ಇರಿಡಿಯಂ-192 ಮೂಲದ ಅರ್ಧಾಯುಷ್ಯ ಸುಮಾರು 74 ದಿನ. ಇದರ ಕಿರಣವನ್ನು ಅರ್ಧಕ್ಕಿಳಿಸಲು 6 ಮಿ.ಮೀ. ಸೀಸ ಬೇಕು. ಅಂದರೆ ಎಕ್ಸ್-ರೇ ಬಾಗಿಲಿಗೆ ಹಾಕುವ 2 ಮಿ.ಮೀ. ತಗಡಿನಿಂದ ಐದರಲ್ಲಿ ನಾಲ್ಕು ಭಾಗದಷ್ಟು ಕಿರಣ ದಾಟಿ ಬರುತ್ತದೆ. ಸೀಸವಿದೆ ಎಂಬ ಧೈರ್ಯದಿಂದ ಅದರ ಹಿಂದೆ ನಿಲ್ಲುವುದು ಬರಿಗೈಯಲ್ಲಿ ನಿಂತದ್ದಕ್ಕಿಂತ ಹೆಚ್ಚು ಉತ್ತಮವೇನೂ ಅಲ್ಲ. ಫ್ಯಾಬ್ರಿಕೇಷನ್ ಘಟಕದವರು ತಮ್ಮ ಶೆಡ್ಡಿನೊಳಗೆ ಪರೀಕ್ಷೆಗೆ ಅವಕಾಶ ಕೊಡುವಾಗ, ಬರುವ ಸಂಸ್ಥೆಗೆ ಮಂಡಳಿಯ ಪರವಾನಗಿ ಇದೆಯೇ, ಹಗ್ಗ ಕಟ್ಟಿ ಜನರನ್ನು ದೂರವಿಡುತ್ತಾರೆಯೇ, ಸರ್ವೇ ಮಾಪಕ ತಂದಿದ್ದಾರೆಯೇ ಎಂಬುದನ್ನು ಕೇಳಿ ನೋಡತಕ್ಕದ್ದು.

ಸ್ಥಳೀಯ ನಿರ್ಬಂಧಗಳು

ಈ ತಾಲ್ಲೂಕುಗಳಿಗೆ ವಿಶಿಷ್ಟವಾದ ಎರಡು ಸಂಗತಿಗಳಿವೆ. ಮೊದಲನೆಯದು ಪ್ರಾಚೀನ ಸ್ಮಾರಕಗಳು. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಶ್ರೀರಂಗಪಟ್ಟಣದ ದ್ವೀಪದಲ್ಲಿ ಸಂರಕ್ಷಿತ ಸ್ಮಾರಕಗಳು ಹಲವು. ಕೆ.ಆರ್.ಪೇಟೆ ಬಳಿಯ ಹೊಸಹೊಳಲಿನಂತಹ ಕಡೆಗಳಲ್ಲಿಯೂ ಇದೇ ಪರಿಸ್ಥಿತಿ. ನಿಷೇಧಿತ ಪ್ರದೇಶದಲ್ಲಿ ಹೊಸ ಎಕ್ಸ್-ರೇ ಕೊಠಡಿ ಕಟ್ಟುವಂತಿಲ್ಲ. ಹಳೆಯ ಕಟ್ಟಡದ ದುರಸ್ತಿ, ನವೀಕರಣಕ್ಕೂ ಪೂರ್ವಾನುಮತಿ ಬೇಕು. ಆದ್ದರಿಂದ ಪಟ್ಟಣದೊಳಗೆ ಕಟ್ಟಡ ಆರಿಸುವಾಗ ಸ್ಮಾರಕದಿಂದ ದೂರ ಎಷ್ಟೆಂಬುದನ್ನು ಮೊದಲು ಅಳೆಯಬೇಕು.

ಎರಡನೆಯದು ಕಲ್ಲು ಮತ್ತು ಜಲ್ಲಿ. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿರ್ಬಂಧಿಸಿತು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ ಪ್ರದೇಶ ಇದರೊಳಗೆ ಬರುತ್ತದೆ. ಜಲ್ಲಿ, ಎಂ-ಸ್ಯಾಂಡ್‌ಗಳ ಸಾಗಣೆ ವೆಚ್ಚವನ್ನು ಸೇರಿಸದೆ ಕಾಂಕ್ರೀಟ್ ಗೋಡೆಗೆ ದರ ಒಪ್ಪಿಕೊಂಡ ಗುತ್ತಿಗೆದಾರರು ನಷ್ಟಕ್ಕೊಳಗಾಗುವ ಸಂಭವವಿದೆ.

ತೆರಿಗೆ ಮತ್ತು ಲೆಕ್ಕಪತ್ರ

ಸೀಸದ ತಗಡಿಗೆ ಶೇ. 18 ಜಿಎಸ್‌ಟಿ ಇದೆ. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಸಾಮಗ್ರಿ ಸಮೇತ ಗೋಡೆ ಅಳವಡಿಸಿಕೊಡುವ ಗುತ್ತಿಗೆಯನ್ನು ಕಾಮಗಾರಿ ಗುತ್ತಿಗೆಯೆಂಬ ಸೇವೆಯಾಗಿ ಪರಿಗಣಿಸಲಾಗುತ್ತದೆ. ಸೀಸದ ಬಾಗಿಲನ್ನು ತಯಾರಿಸಿ ಮಾರುವುದು ಮಾತ್ರವಾದರೆ ಅದು ಸರಕಿನ ಮಾರಾಟ. ಬಿಲ್ಲು ಬರೆಯುವಾಗ ಈ ವ್ಯತ್ಯಾಸ ಸ್ಪಷ್ಟವಿರಬೇಕು.

ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮರಳಿ ಪಡೆಯಲಾಗದು. 1 ಲಕ್ಷ ರೂ. ಸೀಸ ಕೊಂಡರೆ 18,000 ರೂ. ತೆರಿಗೆಯೂ ಯೋಜನಾ ವೆಚ್ಚವೇ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಇದನ್ನು ಬಿಟ್ಟರೆ ಕೊನೆಯಲ್ಲಿ ಕೈಯಿಂದ ಹಾಕಬೇಕಾಗುತ್ತದೆ. ತೆರಿಗೆಗೊಳಪಡುವ ಸರಕು ತಯಾರಿಸುವ ಕಾರ್ಖಾನೆಗೆ ಸಹ ಕಟ್ಟಡ ಹಾಗೂ ಸಿವಿಲ್ ರಚನೆಗಳ ಮೇಲಿನ ತೆರಿಗೆಗೆ ಜಮೆ ಇಲ್ಲ. ಯಂತ್ರದ ಭಾಗವಾಗಿಯೇ ಬರುವ ಸೀಸದ ಪರೀಕ್ಷಾ ಪೆಟ್ಟಿಗೆಯನ್ನು ಯಂತ್ರವಾಗಿ ಪರಿಗಣಿಸಲು ಅವಕಾಶವಿದೆ. ಆದ್ದರಿಂದ ಯಂತ್ರ, ಗೋಡೆ, ಬಾಗಿಲು ಇವುಗಳ ಬೆಲೆಯನ್ನು ಒಂದೇ ಮೊತ್ತದಲ್ಲಿ ಸೇರಿಸದೆ ಬೇರೆ ಬೇರೆಯಾಗಿ ಬಿಲ್ಲು ಪಡೆಯುವುದು ಲೇಸು.

ಆದಾಯ ತೆರಿಗೆಯಲ್ಲಿ ಪ್ರಶ್ನೆ ಸವಕಳಿಯದು. 1961ರ ಕಾಯ್ದೆಯ ನಿಯಮಗಳಲ್ಲಿ ವಾಣಿಜ್ಯ ಕಟ್ಟಡಕ್ಕೆ ಶೇ. 10, ಯಂತ್ರಕ್ಕೆ ಶೇ. 15, ಕೋಬಾಲ್ಟ್ ಚಿಕಿತ್ಸಾ ಘಟಕದಂತಹ ಪಟ್ಟಿಯಲ್ಲಿದ್ದ ಜೀವರಕ್ಷಕ ಉಪಕರಣಕ್ಕೆ ಶೇ. 40 ಸವಕಳಿ ನಿಗದಿಯಾಗಿತ್ತು. ವಿಕಿರಣ ತಡೆಯುವ ಗೋಡೆ ಕಟ್ಟಡವೋ ಯಂತ್ರವೋ ಎಂಬ ವಾದಕ್ಕೆ ಒಂದು ಇತಿಹಾಸವಿದೆ. ಕರ್ನಾಟಕದಿಂದ ಹೋದ ಡಾ. ಬಿ. ವೆಂಕಟರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನರ್ಸಿಂಗ್ ಹೋಂ ಕಟ್ಟಡವನ್ನೇ ಸ್ಥಾವರವೆಂದು ಒಪ್ಪಿತ್ತು. ಆದರೆ 2003ರ ಹಣಕಾಸು ಕಾಯ್ದೆಯು ಸ್ಥಾವರದ ವ್ಯಾಖ್ಯೆಯಿಂದ ಕಟ್ಟಡವನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಹಳೆಯ ತೀರ್ಪನ್ನು ನೆಚ್ಚಿ ಇಡೀ ಕೊಠಡಿಗೆ ಯಂತ್ರದ ದರ ಕೋರುವುದು ಈಗ ಸುರಕ್ಷಿತವಲ್ಲ. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಆಯಾ ವರ್ಷಕ್ಕೆ ಅನ್ವಯಿಸುವ ದರವನ್ನು ಪರಿಶೀಲಿಸಿಕೊಳ್ಳಬೇಕು.

ಸವಕಳಿ ದೊರೆಯುವುದು ಆಸ್ತಿ ಬಳಕೆಗೆ ಬಂದ ಮೇಲೆ. ಪರವಾನಗಿ ತಡವಾದಷ್ಟೂ ಬಳಕೆ ತಡ. ಉದಾಹರಣೆಗೆ 20 ಲಕ್ಷ ರೂ. ಸಾಲಕ್ಕೆ ಶೇ. 12ರ ಬಡ್ಡಿಯಂತೆ ತಿಂಗಳಿಗೆ 20,000 ರೂ. ಗೋಡೆ ಸರಿಪಡಿಸಲು ಮೂರು ತಿಂಗಳು ಹಿಡಿದರೆ ಬಡ್ಡಿಯೇ 60,000 ರೂ. ಬಳಕೆಗೆ ಬರುವವರೆಗಿನ ಆ ಬಡ್ಡಿಯನ್ನು ವೆಚ್ಚವೆಂದು ಕಳೆಯಲಾಗದೆ ಆಸ್ತಿಯ ಬೆಲೆಗೇ ಸೇರಿಸಬೇಕಾಗುತ್ತದೆ.

ಬಾಡಿಗೆ ಕಟ್ಟಡವಾದರೆ ಗೋಡೆ ದಪ್ಪ ಮಾಡುವ, ಕೊರೆಯುವ, ಭಾರ ಹೇರುವ ಅನುಮತಿ ಮತ್ತು ತೆರವು ಮಾಡುವಾಗ ಸೀಸ ಯಾರ ಸ್ವತ್ತು ಎಂಬುದು ಕರಾರುಪತ್ರದಲ್ಲಿ ಬರೆದಿರಬೇಕು. ಮಾತಿನ ಒಪ್ಪಂದ ಕಟ್ಟಡ ಕೈಬದಲಾದ ದಿನವೇ ಮುಗಿಯುತ್ತದೆ.

ಹಳೆಯ ಸೀಸ ಮತ್ತು ಗುಜರಿ ವ್ಯಾಪಾರ

ಮುಚ್ಚಿದ ಎಕ್ಸ್-ರೇ ಕೊಠಡಿಯ ಸೀಸ ವಿಕಿರಣಶೀಲವಾಗಿರುವುದಿಲ್ಲ. ಎಕ್ಸ್-ರೇ ಯಂತ್ರಕ್ಕೂ ವಿದ್ಯುತ್ ನಿಂತ ಮೇಲೆ ವಿಕಿರಣವಿಲ್ಲ. ಆದರೆ ಕೋಬಾಲ್ಟ್, ಇರಿಡಿಯಂ ಮೂಲಗಳಿದ್ದ ಭಾರವಾದ ಸೀಸದ ಡಬ್ಬಿಗಳ ವಿಷಯ ಬೇರೆ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ, ವಿಶ್ವವಿದ್ಯಾಲಯವೊಂದರ ಹರಾಜಿನಿಂದ ಬಂದ ಹಳೆಯ ಉಪಕರಣವನ್ನು ಬಿಚ್ಚಿದಾಗ ಅದರೊಳಗಿದ್ದ ಕೋಬಾಲ್ಟ್-60ರಿಂದ ಹಲವರು ಅಸ್ವಸ್ಥರಾಗಿ ಒಬ್ಬರು ಮೃತಪಟ್ಟರು. ಮೂರು ದಳಗಳ ವಿಕಿರಣ ಚಿಹ್ನೆ ಇರುವ, ಅಥವಾ ಗಾತ್ರಕ್ಕೆ ಮೀರಿದ ಭಾರವಿರುವ ಡಬ್ಬಿ ಬಂದರೆ ಒಡೆಯದೆ, ಕರಗಿಸದೆ, ದೂರ ಸರಿದು ಪೊಲೀಸರಿಗೆ ತಿಳಿಸಬೇಕು.

ತೆರಿಗೆಯ ದೃಷ್ಟಿಯಿಂದಲೂ ಒಂದು ಬದಲಾವಣೆ ಇದೆ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವರ್ತಕರು ತಾವೇ ಜಿಎಸ್‌ಟಿ ಕಟ್ಟಬೇಕು.

ಸ್ಥಳೀಯ ತಯಾರಕರಿಗೆ ಅವಕಾಶ

ಸೀಸದ ಬಾಗಿಲು, ನಿಯಂತ್ರಣ ಫಲಕದ ಮುಂದಿಡುವ ತಡೆಪರದೆ, ಚೌಕಟ್ಟು ಇವು ಒಳ್ಳೆಯ ಬಡಗಿ ಮತ್ತು ಫ್ಯಾಬ್ರಿಕೇಷನ್ ಘಟಕಕ್ಕೆ ಅಸಾಧ್ಯವಾದ ಕೆಲಸಗಳಲ್ಲ. ಗಟ್ಟಿ ಕಾಂಕ್ರೀಟ್ ಬ್ಲಾಕ್ ತಯಾರಕರು ತಮ್ಮ ಬ್ಲಾಕಿನ ಸಾಂದ್ರತೆಯ ಪರೀಕ್ಷಾ ವರದಿಯನ್ನು ಬಿಲ್ಲಿನ ಜೊತೆ ಕೊಡುವುದಾದರೆ ಅದೇ ಅವರ ಮಾಲಿಗೆ ಬೆಲೆ ತರುತ್ತದೆ. ಸರಬರಾಜುದಾರರು ಬಿಲ್ಲಿನಲ್ಲಿ ಸೀಸದ ದಪ್ಪ, ಒಟ್ಟು ತೂಕ, ಸಂದುಗಳ ಹೊದಿಕೆ ಮತ್ತು ಅಳವಡಿಸಿದ ದಿನಾಂಕವನ್ನು ಬರೆದು, ಮುಚ್ಚುವ ಮುನ್ನ ಪ್ರತಿ ಗೋಡೆಯ ಛಾಯಾಚಿತ್ರ ತೆಗೆದಿಡಬೇಕು. ಗಾರೆ ಬಳಿದ ಮೇಲೆ ಒಳಗಿರುವುದಕ್ಕೆ ಉಳಿಯುವ ಸಾಕ್ಷಿ ಆ ದಾಖಲೆಗಳೇ.

ಕೊಠಡಿ ಸಿದ್ಧವಾದ ಮೇಲೆ ಯಂತ್ರವನ್ನು ಚಾಲನೆ ಮಾಡಿ ಗೋಡೆಯಾಚೆ, ಬಾಗಿಲ ಅಂಚು, ಮೇಲಿನ ಮಹಡಿ ಮತ್ತು ಪಕ್ಕದ ಮಳಿಗೆಗಳಲ್ಲಿ ಸರ್ವೇ ಮಾಪಕದಿಂದ ಅಳೆಯಿಸಬೇಕು. ಗುತ್ತಿಗೆಯ ಕೊನೆಯ ಕಂತನ್ನು ಈ ಅಳತೆಯ ವರದಿ ಬಂದ ನಂತರವೇ ಕೊಡುವುದೆಂದು ಮೊದಲೇ ಬರೆಸಿಕೊಂಡರೆ ಹಣ ಹೂಡಿದವರಿಗೂ, ಪ್ರಾಮಾಣಿಕವಾಗಿ ಕೆಲಸ ಮಾಡಿದ ಗುತ್ತಿಗೆದಾರರಿಗೂ, ಗೋಡೆಯ ಆಚೆ ಕುಳಿತವರಿಗೂ ಕ್ಷೇಮ.